ಯಾರೂ ನೆನಪಿಸದ ಕೆಲಸಗಳಿಗೆ ಜಾಗ ಮಾಡಿಕೊಟ್ಟಿದ್ದು

ನನ್ನ ಕ್ಯಾಲೆಂಡರ್ ತೆಗೆದು ನೋಡಿದರೆ ಅದರಲ್ಲಿ ಅಮ್ಮ ಇರಲಿಲ್ಲ. ಗಂಡ, ಮಗಳು ಯಾರೂ ಇರಲಿಲ್ಲ. ಡ್ರಾಯಿಂಗ್ ಕೊಡಬೇಕಾದ ತಾರೀಖು, ಮೀಟಿಂಗ್, ಸೈಟಿಗೆ ಹೋಗುವ ದಿನ, ವಿಮೆ ಕಟ್ಟುವ ದಿನ, ಮತ್ತೆ ಮೀಟಿಂಗ್, ಇಷ್ಟೇ. ನಿನಗೆ ಯಾರು ಮುಖ್ಯ ಅಂತ ಕೇಳಿದ್ದರೆ ಮನೆಯವರು ಅಂತಲೇ ಹೇಳುತ್ತಿದ್ದೆ, ಅದು ನಿಜವೂ ಹೌದು. ಆದರೆ ನನ್ನ ವಾರ ಕಳೆಯುತ್ತಿದ್ದ ರೀತಿಗೂ ಆ ಮಾತಿಗೂ ಎಲ್ಲಿಯೂ ಸಂಬಂಧ ಕಾಣುತ್ತಿರಲಿಲ್ಲ. ಆಫೀಸಿನಲ್ಲೂ ಅದೇ ಕಥೆ. ನಾನು ಸ್ಟ್ರಕ್ಚರಲ್ ಎಂಜಿನಿಯರ್. ಕಟ್ಟಡದ ತೊಲೆ, ಕಂಬ, ಚಾವಣಿಗೆ ಎಷ್ಟು ಕಬ್ಬಿಣ ಬೇಕು ಅಂತ ಲೆಕ್ಕ ಹಾಕುವುದು, ಬೇರೆಯವರು ಹಾಕಿದ ಲೆಕ್ಕ ಮತ್ತು ಡ್ರಾಯಿಂಗ್ ಪರಿಶೀಲಿಸುವುದು ನನ್ನ ಕೆಲಸ. ಇದನ್ನು ಅರ್ಧ ಗಮನದಲ್ಲಿ ಮಾಡುವ ಹಾಗಿಲ್ಲ. ಆ ಚಾವಣಿ ಕೆಳಗೆ ಜನ ಮಲಗುತ್ತಾರೆ. ಆದರೂ ದಿನದ ಬಹುಪಾಲು ಮೇಲ್‌ಗೆ, ಮೆಸೇಜ್‌ಗೆ, "ಮೇಡಂ ಒಂದ್ ನಿಮಿಷ" ಅಂತ ಬಂದವರಿಗೆ ಉತ್ತರ ಕೊಡುವುದರಲ್ಲೇ ಮುಗಿಯುತ್ತಿತ್ತು. ಡ್ರಾಯಿಂಗ್ ನೋಡುವ ಹೊತ್ತಿಗೆ ಸಂಜೆ ಆಗಿ, ಕಣ್ಣೂ ತಲೆಯೂ ದಣಿದಿರುತ್ತಿದ್ದವು.

ಉದ್ದೇಶ ಇಟ್ಟುಕೊಂಡು ಬದುಕುವುದು ಅಂದರೆ ದೊಡ್ಡ ಗುರಿ, ದೊಡ್ಡ ಬದಲಾವಣೆ, ಕೆಲಸ ಬಿಟ್ಟು ಎಲ್ಲೋ ಹೋಗುವುದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನನಗೆ ಅದು ಬೇಕಿರಲಿಲ್ಲ. ಈ ಕೆಲಸ ನನಗೆ ಇಷ್ಟ, ಈ ಮನೆಯೂ ಇಷ್ಟ. ಇಷ್ಟ ಇರುವ ಬದುಕಿನಲ್ಲೇ ನಾನು ಇರಬೇಕಿತ್ತು, ಅಷ್ಟೇ. ಅದಕ್ಕೆ ನಾನು ಏನೇನು ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಏನನ್ನೂ ಬದಲಾಯಿಸಲಿಲ್ಲ. ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು, ಕೆಲಸ ಬದಲಾದಾಗಲೆಲ್ಲ ಒಂದು ಸಾಲು ಬರೆದೆ. ಗಂಟೆ, ಏನು ಕೆಲಸ, ಮತ್ತೆ ಪಕ್ಕದಲ್ಲಿ ಇನ್ನೊಂದು ಕಾಲಂ: ಇದನ್ನು ಶುರು ಮಾಡಿದ್ದು ಯಾರು? ಸಮಯದ ಲೆಕ್ಕ ಬರೆಯುವುದು ಹೊಸದೇನಲ್ಲ, ಆದರೆ ನನಗೆ ಉಪಯೋಗಕ್ಕೆ ಬಂದದ್ದು ಈ ಕೊನೆಯ ಕಾಲಂ. ಎಷ್ಟು ಹೊತ್ತು ಹೋಯಿತು ಅಂತ ನೋಡಿದರೆ ಎಲ್ಲಾ ಕೆಲಸವೂ ಬೇಕಾದದ್ದೇ ಅನ್ನಿಸುತ್ತದೆ. ಯಾರು ಶುರು ಮಾಡಿದರು ಅಂತ ನೋಡಿದಾಗ ಚಿತ್ರ ಬೇರೆ. ಪುಟದ ತುಂಬಾ ಬೇರೆಯವರ ಹೆಸರು, ಇಲ್ಲವೇ "ಫೋನ್". ನಾನೇ ಯೋಚಿಸಿ, ಈಗ ಇದನ್ನು ಮಾಡುತ್ತೇನೆ ಅಂತ ಕೂತ ಸಾಲುಗಳನ್ನು ಹುಡುಕಬೇಕಿತ್ತು. ಇನ್ನೊಂದು ವಿಷಯವೂ ಕಂಡಿತು. ಯಾರೂ ಕರೆಯದೇ ಇದ್ದಾಗಲೂ, ಲೆಕ್ಕ ಸ್ವಲ್ಪ ಕಷ್ಟ ಆದ ತಕ್ಷಣ ಕೈ ತಾನಾಗಿ ಮೇಲ್ ಕಡೆ ಹೋಗುತ್ತಿತ್ತು.

ಇದು ನನ್ನೊಬ್ಬಳ ವಿಷಯ ಅಲ್ಲ. ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ ಸುಮಾರು 20 ವರ್ಷ ಜನರು ಕಂಪ್ಯೂಟರ್ ಮುಂದೆ ಕೆಲಸ ಮಾಡುವುದನ್ನು ಅಳೆಯುತ್ತಾ ಬಂದಿದ್ದಾರೆ. 2004ರಲ್ಲಿ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ಗಮನ ಇಡುತ್ತಿದ್ದರು. ಇತ್ತೀಚಿನ ವರ್ಷಗಳಲ್ಲಿ ಅದು ಸುಮಾರು 47 ಸೆಕೆಂಡಿಗೆ ಇಳಿದಿದೆ. ಹೊರಗಿನವರು ಮಾಡುವ ಅಡಚಣೆಗೆ ಹೆಚ್ಚುಕಡಿಮೆ ಸರಿಸಮವಾಗಿ ನಮಗೆ ನಾವೇ ಅಡಚಣೆ ಮಾಡಿಕೊಳ್ಳುತ್ತೇವೆ ಅನ್ನುವುದೂ ಅವರ ಅಧ್ಯಯನಗಳಲ್ಲಿ ಕಂಡದ್ದು. ನನ್ನ ನೋಟ್‌ಬುಕ್ಕೂ ಅದನ್ನೇ ಹೇಳುತ್ತಿತ್ತು. ಅದರಿಂದ ಒಂದು ಸಮಾಧಾನವೂ ಆಯಿತು, ಯಾಕೆಂದರೆ ನಮ್ಮ ಕೈಯಿಂದ ಆಗುವ ಅರ್ಧವನ್ನಾದರೂ ಸರಿ ಮಾಡಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ ಅಲ್ವಾ.

ಆಮೇಲೆ ಆರಿಸಿಕೊಳ್ಳುವ ಕೆಲಸ. ಇದರಷ್ಟು ಕಷ್ಟ ಬೇರೆ ಯಾವುದೂ ಆಗಲಿಲ್ಲ. ನನಗೆ ಮುಖ್ಯ ಅನ್ನಿಸಿದ್ದನ್ನೆಲ್ಲಾ ಬರೆದರೆ ಪುಟ ತುಂಬಿತು. ಪರಿಶೀಲನೆಯ ಕೆಲಸ ಪೂರ್ತಿ ಮನಸ್ಸಿಟ್ಟು ಮಾಡಬೇಕು, ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಕಲಿಸಬೇಕು, ಒಂದು ಸರ್ಟಿಫಿಕೇಟ್ ಕೋರ್ಸ್ ಮುಗಿಸಬೇಕು, ಅಮ್ಮನ ಹತ್ತಿರ ನೆಮ್ಮದಿಯಾಗಿ ಮಾತಾಡಬೇಕು, ಗಂಡನ ಜೊತೆ, ಮಗಳ ಜೊತೆ, ಸಂಗೀತ ಮತ್ತೆ ಶುರು ಮಾಡಬೇಕು, ವೃತ್ತಿಯವರ ಸಂಘದ ಸಮಿತಿಯಲ್ಲಿ ಕೆಲಸ ಮಾಡಬೇಕು, ವ್ಯಾಯಾಮ ಮಾಡಬೇಕು. ಪ್ರತಿಯೊಂದೂ ಒಳ್ಳೆಯದೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದನ್ನು ದುಡ್ಡಿನ ವಿಷಯಕ್ಕೆ ಹೇಳುತ್ತೇವೆ, ಸಮಯಕ್ಕೆ ಯಾಕೋ ಯಾರೂ ಹೇಳುವುದಿಲ್ಲ. ಆಫೀಸಿಗೆ ಎರಡು, ಮನೆಗೆ ಎರಡು, ನನ್ನ ಮೈಗೆ ಒಂದು, ಇಷ್ಟೇ ಇರಲಿ ಅಂತ ಮಿತಿ ಹಾಕಿಕೊಂಡೆ. ಪರಿಶೀಲನೆ ಮತ್ತು ಕಲಿಸುವುದು ಉಳಿಯಿತು. ಮನೆಯ ಲೆಕ್ಕದಲ್ಲಿ ಅಮ್ಮ ಒಂದು, ನಾವು ಮೂವರು ಒಂದು. ನಡೆಯುವುದು ಉಳಿಯಿತು. ಸಮಿತಿಯಿಂದ ಹೊರಗೆ ಬಂದೆ. ಕೋರ್ಸನ್ನು ನಿಲ್ಲಿಸಿದೆ. ಸಂಗೀತವನ್ನು ಅಳಿಸುವಾಗ ಅಳು ಬಂತು, ನಿಜವಾಗಲೂ. ಈ ನೋವು ಇರಲೇಬೇಕು ಅಂತ ನನಗೆ ಈಗ ಅನ್ನಿಸುತ್ತದೆ. ಏನನ್ನೂ ಬಿಡದೆ ಬರೆದ ಪಟ್ಟಿ ಬರೀ ಆಸೆಗಳ ಪಟ್ಟಿ.

ಹೊಸ ಕೋರಿಕೆಗಳು ಬಂದಾಗ ಒಂದು ವಿಷಯ ತುಂಬಾ ಉಪಯೋಗಕ್ಕೆ ಬಂತು. ಗಾಲ್ ಜೌಬರ್‌ಮನ್ ಮತ್ತು ಜಾನ್ ಲಿಂಚ್ ಎಂಬ ಇಬ್ಬರು ಸಂಶೋಧಕರು 2005ರಲ್ಲಿ ತೋರಿಸಿದ ಸಂಗತಿ ಇದು. ಮುಂದಿನ ದಿನಗಳಲ್ಲಿ ನಮಗೆ ಈಗಿಗಿಂತ ಜಾಸ್ತಿ ಬಿಡುವು ಇರುತ್ತದೆ ಅಂತ ನಾವು ನಂಬಿರುತ್ತೇವೆ, ಅದೂ ದುಡ್ಡಿನ ವಿಷಯಕ್ಕಿಂತ ಸಮಯದ ವಿಷಯದಲ್ಲಿ ಇನ್ನೂ ಬಲವಾಗಿ. ಅದಕ್ಕೇ ಎರಡು ತಿಂಗಳ ನಂತರದ ಕಾರ್ಯಕ್ರಮಕ್ಕೆ ಅಷ್ಟು ಸುಲಭವಾಗಿ ಹೂಂ ಅಂದುಬಿಡುತ್ತೇವೆ. ಈಗ ಯಾರಾದರೂ ಏನಾದರೂ ಕೇಳಿದರೆ ನಾನು ಮನಸ್ಸಿನಲ್ಲಿ ಅದನ್ನು ಇದೇ ವಾರಕ್ಕೆ ತಂದು ನೋಡುತ್ತೇನೆ. ಬರುವ ಗುರುವಾರವೇ ಇದ್ದಿದ್ದರೆ ಒಪ್ಪುತ್ತಿದ್ದೆನಾ? ಇಲ್ಲ ಅನ್ನಿಸಿದರೆ ಎರಡು ತಿಂಗಳ ನಂತರಕ್ಕೂ ಇಲ್ಲ. "ಆಗಲ್ಲ, ಕ್ಷಮಿಸಿ, ಈ ವರ್ಷ ಹೊಸದೇನನ್ನೂ ತಗೊಳ್ತಾ ಇಲ್ಲ" ಅಂತ ಹೇಳಿಬಿಡುತ್ತೇನೆ. "ನೋಡ್ತೀನಿ" ಅನ್ನುವುದನ್ನು ಬಿಟ್ಟಿದ್ದೇನೆ. ಅದು ಕೇಳಿದವರಿಗೂ ಕಷ್ಟ, ನಮಗೂ ಕಷ್ಟ.

ಆರಿಸಿದ್ದಾಯಿತು. ಆದರೆ ಆರಿಸಿದ್ದು ತಾನಾಗಿ ನಡೆಯುವುದಿಲ್ಲ. ಪೀಟರ್ ಗೋಲ್‌ವಿಟ್ಸರ್ ಎಂಬ ಮನೋವಿಜ್ಞಾನಿ ಇದರ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. "ಹೀಗೆ ಮಾಡಬೇಕು" ಅಂದುಕೊಳ್ಳುವುದಕ್ಕೂ "ಇಂಥ ಹೊತ್ತು ಬಂದಾಗ, ಇಂಥ ಜಾಗದಲ್ಲಿ, ಹೀಗೆ ಮಾಡುತ್ತೇನೆ" ಅಂತ ಮೊದಲೇ ತೀರ್ಮಾನ ಮಾಡುವುದಕ್ಕೂ ಭಾರಿ ವ್ಯತ್ಯಾಸ ಇದೆ ಅನ್ನುವುದು ಅವರ ಮಾತು. 2002ರಲ್ಲಿ ಬ್ರಿಟನ್ನಿನ ಸಂಶೋಧಕರು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. ವ್ಯಾಯಾಮದ ಲಾಭಗಳನ್ನು ಓದಿಸಿದ ಗುಂಪಿನಲ್ಲಿ ಮುಂದಿನ ವಾರ ವ್ಯಾಯಾಮ ಮಾಡಿದವರು 35%. ಅದನ್ನು ಓದಿಸದ ಗುಂಪಿನಲ್ಲಿ 38%. ಅದನ್ನೇ ಓದಿಸಿ, ಜೊತೆಗೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಅಂತ ಬರೆಸಿದ ಗುಂಪಿನಲ್ಲಿ 91%. ಓದಿ ಬಂದ ಹುರುಪು ಒಂದರಿಂದಲೇ ಏನೂ ಬದಲಾಗಲಿಲ್ಲ. ಒಂದು ಸಾಲು ಬರೆದಿದ್ದರಿಂದ ಬದಲಾಯಿತು. ಎಲ್ಲ ಪ್ರಯೋಗಗಳಲ್ಲೂ ಇಷ್ಟು ದೊಡ್ಡ ಅಂತರ ಬರುವುದಿಲ್ಲ, ಆದರೂ ನನಗೆ ಅಷ್ಟು ಸಾಕಾಗಿತ್ತು.

ನಾನು ಬರೆದ ಸಾಲು ಇದು: ಆಫೀಸಿಗೆ ಬಂದು ಕುರ್ಚಿಯಲ್ಲಿ ಕೂತ ತಕ್ಷಣ, ಮೇಲ್ ತೆರೆಯುವ ಮೊದಲು, ಹಿಂದಿನ ದಿನ ಎತ್ತಿಟ್ಟ ಡ್ರಾಯಿಂಗ್ ತೆರೆಯುತ್ತೇನೆ. ಯಾರಾದರೂ ಬಂದರೆ "ಹನ್ನೊಂದಕ್ಕೆ ನಾನೇ ಬರ್ತೀನಿ" ಅಂತ ಹೇಳಿ ಹೆಸರು ಬರೆದುಕೊಳ್ಳುತ್ತೇನೆ. ಹನ್ನೊಂದಕ್ಕೆ ಹೋಗುವುದೇ ಇದರಲ್ಲಿ ಮುಖ್ಯ. ಹೋಗದಿದ್ದರೆ ಮರುದಿನದಿಂದ ಯಾರೂ ಕಾಯುವುದಿಲ್ಲ, ಅದು ನ್ಯಾಯವೂ ಹೌದು.

ಇದನ್ನು ನನ್ನೊಳಗೇ ಇಟ್ಟುಕೊಂಡರೆ ಆಗದು, ಮೇಲಿನವರಿಗೆ ಹೇಳಬೇಕು. ಹೇಳಿದೆ.

"ಸಾರ್, ಬೆಳಿಗ್ಗೆ ಹನ್ನೊಂದರವರೆಗೆ ನಾನು ಚೆಕಿಂಗ್ ಮಾತ್ರ ಮಾಡ್ತೀನಿ. ಫೋನ್ ಎತ್ತಲ್ಲ."

"ಸೈಟಿಂದ ಅರ್ಜೆಂಟ್ ಅಂತ ಬಂದ್ರೆ?"

"ಕಾಂಕ್ರೀಟ್ ಹಾಕೋ ದಿನ ಎತ್ತುತ್ತೀನಿ ಸಾರ್. ಆ ದಿನ ಅವರು ಕಾಯೋಕಾಗಲ್ಲ. ಬೇರೆ ದಿನ ಹನ್ನೊಂದರವರೆಗೆ ಕಾಯದ ಪ್ರಶ್ನೆ ಇದುವರೆಗೆ ಬಂದಿಲ್ಲ."

ಅವರು ಸ್ವಲ್ಪ ಹೊತ್ತು ಯೋಚಿಸಿ, ತಿಂಗಳು ನೋಡೋಣ ಅಂದರು. ನಾನು ನೋಟ್‌ಬುಕ್ ತೋರಿಸಿದ್ದಕ್ಕೇ ಅವರು ಒಪ್ಪಿದ್ದು ಅಂತ ನನ್ನ ಅನಿಸಿಕೆ. "ನನಗೆ ತುಂಬಾ ಅಡಚಣೆ ಆಗ್ತಿದೆ" ಅಂದರೆ ಅದು ದೂರು. ಯಾವ ಹೊತ್ತಿಗೆ ಏನು ಬಂತು, ಅದರಲ್ಲಿ ಯಾವುದು ಕಾಯಬಹುದಿತ್ತು ಅಂತ ಬರೆದು ತೋರಿಸಿದರೆ ಅದು ಲೆಕ್ಕ, ಎಂಜಿನಿಯರಿಗೆ ಲೆಕ್ಕ ಅರ್ಥ ಆಗುತ್ತದೆ. ಎಲ್ಲರಿಗೂ ಹೀಗೆ ಕೇಳುವ ಅವಕಾಶ ಇರುವುದಿಲ್ಲ ಅನ್ನುವುದು ನನಗೆ ಗೊತ್ತು. ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ಹನ್ನೊಂದರವರೆಗೆ ಬರಬೇಡಿ ಅನ್ನೋಕಾಗುತ್ತದಾ? ಅಂಥ ಕೆಲಸದಲ್ಲಿ ಇರುವವರು ತಮ್ಮ ಕೈಯಲ್ಲಿರುವ ಹೊತ್ತಿನಿಂದ ಶುರು ಮಾಡಬೇಕು, ಅದು ಹದಿನೈದು ನಿಮಿಷವೇ ಆಗಿರಲಿ. ನಿನ್ನ ಬದುಕು ನಿನ್ನ ಕೈಯಲ್ಲಿದೆ ಅಂತ ಎಲ್ಲರಿಗೂ ಒಂದೇ ಉಸಿರಿನಲ್ಲಿ ಹೇಳುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಬೆಳಿಗ್ಗೆ ಹನ್ನೊಂದರ ಗಡಿ ಬಂದಮೇಲೆ ಇನ್ನೊಂದು ತೊಂದರೆ ಗೊತ್ತಾಯಿತು. ಡ್ರಾಯಿಂಗ್ ಅರ್ಧದಲ್ಲಿ ಬಿಟ್ಟು ಎದ್ದರೆ ಮೀಟಿಂಗಿನಲ್ಲೂ ತಲೆ ಅದೇ ತೊಲೆಯ ಸುತ್ತ ತಿರುಗುತ್ತಿತ್ತು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನೇ ತೋರಿಸಿದ್ದಾರೆ. ಕೆಲಸ ಬದಲಾಯಿಸಿದಾಗ ಗಮನದ ಒಂದು ಭಾಗ ಹಿಂದಿನ ಕೆಲಸದಲ್ಲೇ ಅಂಟಿಕೊಂಡಿರುತ್ತದೆ. ಎದ್ದು ಹೋಗುವ ಮೊದಲು ಎಲ್ಲಿ ನಿಲ್ಲಿಸಿದೆ, ಮರಳಿ ಬಂದಾಗ ಮೊದಲು ಏನು ಮಾಡಬೇಕು ಅಂತ ಎರಡು ಸಾಲು ಬರೆದಿಟ್ಟರೆ ಆ ಅಂಟು ಕಡಿಮೆ ಆಗುತ್ತದೆ ಅಂತ ಆಮೇಲೆ ಅವರೇ ಇನ್ನೊಂದು ಅಧ್ಯಯನದಲ್ಲಿ ಹೇಳಿದರು. ನಾನು "ಎರಡನೇ ಮಹಡಿ, ಮೆಟ್ಟಿಲ ಪಕ್ಕದ ತೊಲೆ, ಆಧಾರದ ಮೇಲಿನ ಕಬ್ಬಿಣ ನೋಡಬೇಕು" ಅಂತ ಬರೆದು ಏಳುತ್ತೇನೆ. ಇದನ್ನೇ ಸಂಜೆ ಮನೆಗೆ ಹೊರಡುವಾಗಲೂ ಮಾಡತೊಡಗಿದೆ. ಮನೆಯವರಿಗೆ ಇದರ ಫಲ ನನಗಿಂತ ಮೊದಲು ಕಂಡಿತು.

ಮನೆ ಅಂದೆನಲ್ಲ, ಆಫೀಸಿಗಿಂತ ಅದೇ ಕಷ್ಟ. ಆಫೀಸಿನ ಕೆಲಸವನ್ನು ಕೇಳುವವರು ಇದ್ದಾರೆ, ತಾರೀಖು ಇದೆ. ಅಮ್ಮನ ಹತ್ತಿರ ಈ ವಾರ ಮಾತಾಡಿದೆಯಾ ಅಂತ ಯಾವ ರಿಮೈಂಡರೂ ಬರುವುದಿಲ್ಲ. 2018ರಲ್ಲಿ ಮೆಂಗ್ ಝು, ಯಾಂಗ್ ಯಾಂಗ್, ಕ್ರಿಸ್ಟೋಫರ್ ಶೀ ಎಂಬ ಮೂವರು ಪ್ರಕಟಿಸಿದ ಪ್ರಯೋಗಗಳಲ್ಲಿ, ಲಾಭ ಕಡಿಮೆ ಇದ್ದರೂ ಗಡುವು ಹತ್ತಿರ ಇರುವಂತೆ ಕಾಣುವ ಕೆಲಸವನ್ನೇ ಜನ ಹೆಚ್ಚು ಆರಿಸಿಕೊಂಡರು. ಗಡುವು ಅನ್ನುವುದಕ್ಕೇ ಒಂದು ಸೆಳೆತ ಇದೆ. ಹಾಗಿದ್ದ ಮೇಲೆ ಗಡುವೇ ಇಲ್ಲದ ಅಮ್ಮ ಯಾವಾಗಲೂ ಹಿಂದೆ ಬೀಳುತ್ತಾರೆ, ನಾವು ಎಷ್ಟೇ ಪ್ರೀತಿ ಇಟ್ಟಿದ್ದರೂ.

ಅಮ್ಮನಿಗೆ ನಾನು ಫೋನ್ ಮಾಡುತ್ತಲೇ ಇದ್ದೆ, ಆದರೆ ಬಟ್ಟೆ ಮಡಚುತ್ತಾ, ಲ್ಯಾಪ್‌ಟಾಪ್ ನೋಡುತ್ತಾ. ಅಮ್ಮ ಮೊದಲು ಕೇಳುತ್ತಿದ್ದದ್ದೇ "ಬಿಜಿ ಇದ್ದೀಯೇನೇ?" ಅಂತ. ವಾರದಲ್ಲಿ ಎರಡು ರಾತ್ರಿ ಗೊತ್ತು ಮಾಡಿಕೊಂಡೆ. ಅಡುಗೆಮನೆ ಕೆಲಸ ಮುಗಿದ ಮೇಲೆ, ಕೈಯಲ್ಲಿ ಏನೂ ಇಲ್ಲದೆ, ಕೂತು ಮಾತಾಡುವುದು. ಮೊದಲ ಸಲ ಅಮ್ಮನಿಗೆ ಗಾಬರಿ.

"ಏನಾದ್ರೂ ವಿಷಯ ಇತ್ತೇನೇ?"

"ಇಲ್ಲಮ್ಮ, ಸುಮ್ನೆ."

"ಸುಮ್ನೆ ಅಂದ್ರೆ? ಹುಷಾರಿದ್ದೀಯ ತಾನೇ?"

ಕೆಲವು ವಾರ ಇದೇ ನಡೆಯಿತು. ಅಮ್ಮ ಐದು ನಿಮಿಷಕ್ಕೇ "ಸರಿ ಇಡ್ಲಾ" ಅನ್ನುತ್ತಿದ್ದರು. ನನಗೆ ಆತುರ ಇಲ್ಲ ಅಂತ ಅವರಿಗೆ ನಂಬಿಕೆ ಬರಬೇಕಿತ್ತು. ಆಮೇಲೆ ಒಂದು ರಾತ್ರಿ, ಬೇರೆ ಏನೋ ಹೇಳುತ್ತಾ, ಪೇಪರ್ ಓದುವುದನ್ನು ಬಿಟ್ಟು ತುಂಬಾ ದಿನ ಆಯ್ತು ಅಂದರು. ಯಾಕಮ್ಮ ಅಂದರೆ, ಅಕ್ಷರ ಮಂಜು ಮಂಜು, ಒಂದು ಎರಡಾಗಿ ಕಾಣುತ್ತದೆ ಅಂತ. ಕಣ್ಣಿನ ಪೊರೆ. ಪರೀಕ್ಷೆ ಆಯಿತು, ಆಪರೇಷನ್ ಆಯಿತು, ಈಗ ಪೇಪರಿನ ಸುದ್ದಿಯೆಲ್ಲಾ ಅವರೇ ನನಗೆ ಹೇಳುತ್ತಾರೆ. ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, "ಹೇಳೋಣ ಅಂತಿದ್ದೆ, ಅದಕ್ಕೊಂದು ಹೊತ್ತು ಬೇಕಲ್ಲ" ಅಂದರು. ಸಮಯ ಕೊಡುವುದು ಅಂದರೆ ಏನು ಅಂತ ನನಗೆ ಅಲ್ಲಿಯವರೆಗೆ ಅಷ್ಟು ಸರಿಯಾಗಿ ಗೊತ್ತಿರಲಿಲ್ಲ. ಮುಖ್ಯವಾದ ಮಾತು ಮೊದಲ ಐದು ನಿಮಿಷದಲ್ಲಿ ಬರುವುದೇ ಇಲ್ಲ.

ಗಂಡನಿಗೆ ಈ ಏರ್ಪಾಡು ಹಿಡಿಸಲಿಲ್ಲ. "ನನ್ನ ಜೊತೆ ಮಾತಾಡೋಕೂ ಟೈಮ್ ಟೇಬಲ್ಲಾ?" ಅಂದರು. ಅವರ ಮಾತಿನಲ್ಲಿ ಸತ್ಯ ಇತ್ತು. ಹಾಗಾಗಿ ನಾವಿಬ್ಬರೂ ಉಲ್ಟಾ ದಾರಿ ಹಿಡಿದೆವು. ಮಾತಿಗೆ ಗಂಟೆ ಗೊತ್ತು ಮಾಡಲಿಲ್ಲ, ಮಾತನ್ನು ತಿಂದುಹಾಕುತ್ತಿದ್ದ ಮನೆ ವ್ಯವಹಾರಕ್ಕೆ ಗಂಟೆ ಗೊತ್ತು ಮಾಡಿದೆವು. ಬಿಲ್ ಕಟ್ಟಿದ್ರಾ, ಶಾಲೆಯ ಫಾರಂ ಎಲ್ಲಿ, ಶನಿವಾರ ಯಾರು ಕರೆದುಕೊಂಡು ಹೋಗೋದು, ನಲ್ಲಿ ರಿಪೇರಿ, ಇದೆಲ್ಲಾ ಈಗ ಭಾನುವಾರ ಬೆಳಿಗ್ಗೆ ಒಂದೇ ಸಲ ಕೂತು ಮುಗಿಸುತ್ತೇವೆ. ಮಧ್ಯದಲ್ಲಿ ನೆನಪಾದದ್ದನ್ನು ಫ್ರಿಜ್ಜಿನ ಮೇಲಿನ ಹಾಳೆಯಲ್ಲಿ ಬರೆಯುವುದು, ಬಾಯಲ್ಲಿ ಹೇಳುವ ಹಾಗಿಲ್ಲ. ಮುಗಿಯದ ಕೆಲಸ ತಲೆಯಲ್ಲಿ ಕೊರೆಯುತ್ತಿರುತ್ತದೆ, ಆದರೆ ಅದನ್ನು ಯಾವಾಗ ಹೇಗೆ ಮಾಡುವುದು ಅಂತ ಗೊತ್ತು ಮಾಡಿದರೆ, ಕೆಲಸ ಮುಗಿಯದಿದ್ದರೂ ಆ ಕೊರೆತ ಇಳಿಯುತ್ತದೆ ಅಂತ ಮಾಸಿಕ್ಯಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ತೋರಿಸಿದ್ದರು. ಫ್ರಿಜ್ಜಿನ ಹಾಳೆ ಮಾಡಿದ್ದು ಅದನ್ನೇ. ಮೊದಮೊದಲು ರಾತ್ರಿ ಊಟಕ್ಕೆ ಕೂತರೆ ಮಾತೇ ಇರುತ್ತಿರಲಿಲ್ಲ, ಇಬ್ಬರೂ ಸುಮ್ಮನೆ ಊಟ ಮಾಡುತ್ತಿದ್ದೆವು. ವ್ಯವಹಾರ ಬಿಟ್ಟರೆ ನಮ್ಮಲ್ಲಿ ಎಷ್ಟು ಮಾತು ಉಳಿದಿತ್ತು ಅಂತ ಆಗ ಗೊತ್ತಾಯಿತು. ನಿಧಾನವಾಗಿ ಮಾತು ಮರಳಿ ಬಂತು. ಅವರು ತಮ್ಮ ಕೆಲಸದ ಬಗ್ಗೆ ಹೇಳತೊಡಗಿದರು, ಅಲ್ಲಿ ಏನು ಹಿಡಿಸುತ್ತಿಲ್ಲ, ಬದಲಾಯಿಸಬೇಕಾ ಬೇಡವಾ ಅಂತ.

ಮಗಳ ವಿಷಯದಲ್ಲಿ ಗಂಟೆಯ ಲೆಕ್ಕ ನಡೆಯಲೇ ಇಲ್ಲ. ಮಕ್ಕಳು ನಮ್ಮ ಬಿಡುವು ನೋಡಿಕೊಂಡು ಬರುವುದಿಲ್ಲ. ಅಲ್ಲಿ ಒಂದೇ ನಿಯಮ. ಅವಳು ಏನಾದರೂ ತೋರಿಸಲು ಬಂದರೆ ಫೋನ್ ಕೆಳಗಿಟ್ಟು ಪೂರ್ತಿ ಅವಳ ಕಡೆ ತಿರುಗುವುದು, ಆಗದಿದ್ದರೆ ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಹೇಳಿ ಆ ಹೊತ್ತಿಗೆ ನಾನೇ ಹೋಗುವುದು. ಹೂಂ ಹೂಂ ಅನ್ನುತ್ತಾ ಪರದೆ ನೋಡುವುದು ಮಾತ್ರ ಇಲ್ಲ.

ಮಧ್ಯೆ ದೊಡ್ಡ ಪ್ರಾಜೆಕ್ಟ್ ಒಂದು ಬಂತು. ಇದೆಲ್ಲಾ ಆಗ ಏನಾಗುತ್ತದೆ ಅನ್ನುವುದು ನಿಜವಾದ ಪರೀಕ್ಷೆ ಆಗಿತ್ತು. ಅಷ್ಟು ದಿನ ಎಲ್ಲವನ್ನೂ ಹಿಡಿದುಕೊಂಡಿರಲು ಆಗುವುದಿಲ್ಲ ಅಂತ ಮೊದಲೇ ಗೊತ್ತಿತ್ತು, ಹಾಗಾಗಿ ಯಾವುದನ್ನು ಬಿಡುತ್ತೇನೆ ಅನ್ನುವುದನ್ನೂ ಮೊದಲೇ ಕೂತು ತೀರ್ಮಾನ ಮಾಡಿದೆ. ಕಲಿಸುವುದನ್ನು ನಿಲ್ಲಿಸಿದೆ, ಅದನ್ನು ಆ ಹುಡುಗರಿಗೆ ಹೇಳಿಯೇ ನಿಲ್ಲಿಸಿದೆ, ಮತ್ತೆ ಯಾವ ತಾರೀಖಿಗೆ ಶುರು ಅಂತಲೂ ಹೇಳಿದೆ. ಅಮ್ಮನ ಎರಡು ರಾತ್ರಿಯಲ್ಲಿ ಒಂದನ್ನು ಉಳಿಸಿಕೊಂಡೆ. ಕೆಲಸ ಎಷ್ಟು ದಿನ ಹಿಡಿಯುತ್ತದೆ ಅನ್ನುವ ನನ್ನ ಅಂದಾಜಿಗೆ ಅರ್ಧದಷ್ಟು ಸೇರಿಸಿ ತಾರೀಖು ಕೊಟ್ಟೆ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಜೊತೆಗಾರರು ವಿದ್ಯಾರ್ಥಿಗಳನ್ನು ಪ್ರಬಂಧ ಎಷ್ಟು ದಿನದಲ್ಲಿ ಮುಗಿಸುತ್ತೀರಿ ಅಂತ ಕೇಳಿದಾಗ ಅವರು ಸರಾಸರಿ 33.9 ದಿನ ಅಂದರು, ಹಿಡಿದದ್ದು 55.5 ದಿನ. ಅರ್ಧ ಸೇರಿಸುವುದು ಹೆಚ್ಚೇನೂ ಅಲ್ಲ. ಆಫೀಸಿನಲ್ಲಿ ಇದಕ್ಕೆ ಹುಬ್ಬೇರಿಸಿದರು, ಆದರೆ ಕೊಟ್ಟ ತಾರೀಖಿಗೆ ಕೆಲಸ ಕೈಗೆ ಬಂತು.

ಪ್ರಾಜೆಕ್ಟ್ ಮುಗಿದ ಮೇಲೆ ಹಳೆಯ ಕ್ರಮಕ್ಕೆ ಮರಳುವುದು ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಫಿಲಿಪ್ಪಾ ಲ್ಯಾಲಿ ಮತ್ತು ತಂಡ ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದಾಗ ಹೊಸ ರೂಢಿ ಕೂರಲು ಸಾಮಾನ್ಯವಾಗಿ ಸುಮಾರು 66 ದಿನ ಬೇಕು ಅಂತ ಅಂದಾಜಾಯಿತು, ಆದರೆ ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದವರೆಗೆ. ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಅನ್ನುವುದೂ ಅದರಲ್ಲಿತ್ತು. 21 ದಿನ ಮಾಡಿದರೆ ರೂಢಿ ಆಗುತ್ತದೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ, ಆ ಮಾತನ್ನು ನಂಬಿ ಇಪ್ಪತ್ತೆರಡನೇ ದಿನ ಕೈಬಿಟ್ಟವರು ಎಷ್ಟೋ ಜನ ಇರಬೇಕು. ನನಗೆ ಬೆಳಗಿನ ಡ್ರಾಯಿಂಗ್ ಬೇಗ ಕೂತಿತು. ನಡೆಯುವುದು ಈಗಲೂ ಪೂರ್ತಿ ಕೂತಿಲ್ಲ. ಮಳೆ ಬಂದರೆ, ತಡವಾಗಿ ಎದ್ದರೆ ಬಿಟ್ಟುಹೋಗುತ್ತದೆ, ಮರುದಿನ ಮತ್ತೆ ಹೊರಡುತ್ತೇನೆ.

ಒಂದು ವಿಷಯದಲ್ಲಿ ನಾನು ಬೇರೆಯವರ ಹಾಗೆ ಮಾಡಲಿಲ್ಲ. ದಿನದ ಪ್ರತಿ ಗಂಟೆಗೂ ಒಂದು ಉದ್ದೇಶ ಹಚ್ಚುವವರಿದ್ದಾರೆ. ವಿಶ್ರಾಂತಿಯೂ ನಾಳೆಯ ಕೆಲಸಕ್ಕಾಗಿ, ಓದುವುದೂ ಬೆಳವಣಿಗೆಗಾಗಿ, ಮಕ್ಕಳ ಜೊತೆ ಆಡುವುದೂ ಅವರ ಭವಿಷ್ಯಕ್ಕಾಗಿ. ಇದು ನನಗೆ ಒಪ್ಪಿಗೆಯಿಲ್ಲ. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಯಾವ ಯೋಜನೆಯೂ ಇರುವುದಿಲ್ಲ. ಮಲಗಬಹುದು, ಜಗಳ ಆಡಬಹುದು, ಏನೂ ಮಾಡದೆ ಇರಬಹುದು. ಆ ಮಧ್ಯಾಹ್ನಕ್ಕೆ ಯಾರಾದರೂ ಕರೆದರೆ, ಅವತ್ತು ಆಗಲ್ಲ ಅಂತ ಕೆಲಸದ ದಿನಕ್ಕಿಂತ ಗಟ್ಟಿಯಾಗಿ ಹೇಳುತ್ತೇನೆ. ಏನು ಕಾರ್ಯಕ್ರಮ ಅಂತ ಕೇಳುತ್ತಾರೆ. ಏನೂ ಇಲ್ಲ ಅಂತಲೇ ಹೇಳುತ್ತೇನೆ.

ಮೂರು ತಿಂಗಳಿಗೊಮ್ಮೆ ಆ ಪಟ್ಟಿಯನ್ನು ತೆಗೆದು ಕೂರುತ್ತೇನೆ. ಕಳೆದ ಸಲ ಗಂಡನೂ ತಮ್ಮದೊಂದು ಪಟ್ಟಿ ಮಾಡಿಕೊಂಡು ಬಂದರು, ಕೆಲಸ ಬದಲಾಯಿಸುವುದು ಅದರಲ್ಲಿ ಮೊದಲನೆಯದು, ಅದಕ್ಕಾಗಿ ಸಂಜೆ ಓದಲು ಅವರಿಗೆ ಹೊತ್ತು ಬೇಕು. ಹಾಗಾಗಿ ಮುಂದಿನ ಮೂರು ತಿಂಗಳು ಮಗಳ ಸಂಜೆಯ ಪಾಠ ನನ್ನ ಪಾಲಿಗೆ ಬಂದಿದೆ, ಸಂಗೀತ ಇನ್ನಷ್ಟು ದಿನ ಪಟ್ಟಿಯ ಹೊರಗೇ ಇರುತ್ತದೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹುಡುಗಿ, ಹೊಸದಾಗಿ ಸೇರಿದವಳು, ಮೇಡಂ ನಾನೂ ಹೀಗೆ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಳು. ಈಗಲೇ ಏನನ್ನೂ ಬದಲಾಯಿಸಬೇಡಮ್ಮ, ಒಂದು ವಾರ ಸುಮ್ನೆ ಬರಿ, ಯಾರು ಶುರು ಮಾಡಿದ್ದು ಅನ್ನೋ ಕಾಲಂ ಮಾತ್ರ ಬಿಡಬೇಡ ಅಂದೆ. ನಿನ್ನೆ ನೋಟ್‌ಬುಕ್ ತಂದು ತೋರಿಸಿದಳು. ಆ ಕಾಲಂನಲ್ಲಿ ಎಲ್ಲರಿಗಿಂತ ಜಾಸ್ತಿ ಸಲ ಇದ್ದದ್ದು ನನ್ನ ಹೆಸರು, ಹಾಗಾಗಿ ಅವಳಿಗೆ ನಾನು ದಿನಕ್ಕೆ ಯಾವಾಗ, ಎಷ್ಟು ಸಲ ಕೆಲಸ ಹೇಳಬಹುದು ಅಂತ ಇಬ್ಬರೂ ಕೂತು ಗೊತ್ತು ಮಾಡಿದೆವು.